ಬೇವಿನ ಕೆಳಗಿನ ಗಾಡಿ

ಹಾರೆ ಮತ್ತೆ ಬಂಡೆಗೆ ತಾಗಿ ಠಣ್ ಎಂದಿತು. ದುರುಗಪ್ಪ ಹಾರೆ ಬಿಟ್ಟು, ಮೊಣಕಾಲುದ್ದವೂ ಇಲ್ಲದ ಕುಣಿಯ ಅಂಚಿನಲ್ಲಿ ಕುಕ್ಕರಿಸಿ, ಟವೆಲಿನಿಂದ ಮುಖ ಒರೆಸಿಕೊಂಡ. ಬೆಳಗಿನಿಂದ ಇದು ಮೂರನೆಯ ಜಾಗ. ಗೇಟಿನ ಹತ್ತಿರ ಒಂದು, ನಳದ ಹತ್ತಿರ ಒಂದು, ಈಗ ಪಾಯಖಾನೆಯ ಹಿಂದೆ ಒಂದು. ಮಸ್ಕಿಯ ಗುಡ್ಡದ ಬುಡದಲ್ಲಿ ನಾಲ್ಕು ಗುಂಟೆ ಕೊಂಡವನಿಗೆ ಸಿಗುವುದು ಇಷ್ಟೇ: ಮೇಲೆ ಗೇಣು ಮಣ್ಣು, ಕೆಳಗೆಲ್ಲ ಗುಡ್ಡ.

"ಇಲ್ಲೂ ಆಗಂಗಿಲ್ಲ ವೀರೇಶ," ಅಂದ ದುರುಗಪ್ಪ. "ನಿಮ್ಮಪ್ಪ ಜಾಗ ಕೊಂಡಿಲ್ಲಪ, ಕಲ್ಲು ಕೊಂಡಾನ."

ವೀರೇಶ ಸತ್ತ ನರಸಣ್ಣನ ಒಬ್ಬನೇ ಮಗ, ಸಿಂಧನೂರಿನ ಬ್ಯಾಂಕೊಂದರಲ್ಲಿ ಅಟೆಂಡರ್. ಅವನು ಕುಣಿಯನ್ನೂ ನೋಡಲಿಲ್ಲ, ಸೋದರಮಾವ ದುರುಗಪ್ಪನನ್ನೂ ನೋಡಲಿಲ್ಲ, ಕೈಗಡಿಯಾರ ನೋಡಿದ. ಎರಡು ಗಂಟೆ. ಹೊತ್ತು ಮುಳುಗುವುದರೊಳಗೆ ಮಣ್ಣು ಮುಗಿಯಬೇಕು.

ತೋಡಿದ ಕುಣಿಯನ್ನು ಬರಿದೇ ಮುಚ್ಚಬಾರದು, ಮುಚ್ಚಿದರೆ ಅದು ಮನೆಯ ಇನ್ನೊಬ್ಬರನ್ನು ಕೇಳುತ್ತದೆ ಎಂದು ಹಿರಿಯರ ಮಾತು. ಹಾಗಾಗಿ ಮೊದಲೆರಡು ಕುಣಿಗೆ ಒಂದೊಂದು ತೆಂಗಿನಕಾಯಿ ಹಾಕಿ ಮುಚ್ಚಿದ್ದರು. ಮೂರನೆಯದಕ್ಕೆ ಕಾಯಿ ತರಲು ಆಟೋದ ಬುಡ್ಡೇಸಾಬ್ ಎದ್ದ. ನಲವತ್ತು ವರ್ಷದ ಗೆಳೆಯ ಸತ್ತ ದಿನವೂ ಅವನ ನಾಲಿಗೆ ಸುಮ್ಮನಿರುವಂಥದ್ದಲ್ಲ.

"ಐದು ತರ್ತೀನಿ. ನರಸಣ್ಣ ಇನ್ನಾ ಎಷ್ಟು ಕಡೆ ಅಗಿಸ್ತಾನೋ ಗೊತ್ತಿಲ್ಲ."

ಅಗಿಯಲು ಆಗುವ ಜಾಗ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಅಂಗಳದ ನಡುವೆ, ಬೇವಿನ ಮರದ ಕೆಳಗೆ, ಆಳೆತ್ತರಕ್ಕೂ ಹೆಚ್ಚು ಒಳ್ಳೆಯ ಕೆಮ್ಮಣ್ಣು. ಅದರ ಮೇಲೆ ಮೂರು ದಿನದಿಂದ ಊರೂರು ತಿರುಗುವ ಜರ್ಮನಿಯವರ, ಹಾಸಿಗೆ ಒಲೆ ಎಲ್ಲ ಒಳಗೇ ಇರುವ ಬಿಳಿ ಮನೆ-ಗಾಡಿ ನಿಂತಿತ್ತು. ಒಳಗೆ ಹೆಲ್ಗಾ ಎಂಬ ಮುದುಕಿ, ಮತ್ತು ವಾಂತಿ ಭೇದಿಯಿಂದ ಕಣ್ಣು ಒಳಗೆ ಹೋದ ಅವಳ ಗಂಡ. ನಿನ್ನೆ ಡಾಕ್ಟರು ಬಂದು ಸಲೈನ್ ಹಚ್ಚಿ, ಬಾಟಲಿ ಬದಲಿಸುವುದನ್ನು ಹೆಲ್ಗಾಳಿಗೆ ತೋರಿಸಿ ಹೋಗಿದ್ದರು. ಎರಡು ದಿನ ಬಿಸಿಲು ಸೋಕಿಸಬೇಡಿ, ತಂಪಿನಲ್ಲಿಡಿ ಎಂದಿದ್ದರು. ನರಸಣ್ಣನ ಮನೆಯಿಂದ ಎಳೆದ ಕರೆಂಟಿನ ವೈರು ಬೇವಿನ ಬುಡದಾಚೆ ಒಂದು ಮೊಳವೂ ಮುಟ್ಟುತ್ತಿರಲಿಲ್ಲ. ಅಲ್ಲಿಂದ ಗಾಡಿ ಸರಿಯಿತೆಂದರೆ ಒಳಗಿನ ತಣ್ಣನೆಯ ಮಷೀನು ಬಂದ್.

ನರಸಣ್ಣನ ಹೆಂಡತಿ ಪೀರಮ್ಮ ಕಟ್ಟೆಯ ಮೇಲೆ ಗಂಡನ ಹೆಣದ ಪಕ್ಕ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡು ಹೂವಿನ ಮಾಲೆ, ಗದ್ದಕ್ಕೆ ಬಿಗಿದ ಬಿಳಿ ಬಟ್ಟೆ. ಬೆಳಗಿನ ಆರಕ್ಕೆ ಆ ಗಾಡಿಯ ಟಾಕಿಗೆ ನೀರು ಬಿಡುತ್ತ ಪೈಪು ಹಿಡಿದವನು ಹಿಡಿದಂತೆಯೇ ಕುಸಿದಿದ್ದ. ಅವಳು ಓಡಿ ಬಂದು ಮೊದಲು ಮಾಡಿದ ಕೆಲಸ ನಳ ನಿಲ್ಲಿಸಿದ್ದು. ಆಮೇಲೆ ಅವನ ಎದೆ ಮುಟ್ಟಿದ್ದು. ಇದು ನೆನಪಾದಾಗಲೆಲ್ಲ ಅವಳಿಗೆ ನಾಚಿಕೆಯಾಗುತ್ತಿತ್ತು.

*

ಮೂವತ್ತು ವರ್ಷ ಗಂಡ ಹೆಂಡತಿ ಜವಳಗೇರಾದ ಕಡೆ ಕಂಡವರ ಗದ್ದೆಯಲ್ಲಿ ಕೂಲಿಗೆ ಭತ್ತದ ಸಸಿ ಹಚ್ಚಿದವರು. ನರಸಣ್ಣನ ಅಣ್ಣ ಸತ್ತಾಗ ಗದ್ದೆಯ ಮಾಲೀಕ ದೊಡ್ಡ ಮನಸ್ಸು ಮಾಡಿ ಬದುವಿನ ಪಕ್ಕ ಮಣ್ಣು ಮಾಡಲು ಜಾಗ ಕೊಟ್ಟ. ಮರುವರ್ಷ ಬದು ಸರಿಸಿದರು. ಟ್ರ್ಯಾಕ್ಟರ್ ಓಡಿತು, ನೀರು ಬಿಟ್ಟರು. ಅಣ್ಣನ ಎದೆಯ ಮೇಲೆ ನರಸಣ್ಣನೇ ಕೂಲಿಗೆ ನಿಂತು ಸಸಿ ಹಚ್ಚಿದ. ಸಂಜೆ ಮನೆಗೆ ಬಂದವನು ರೊಟ್ಟಿ ಮುಟ್ಟಲಿಲ್ಲ.

"ನಾಕು ಹೆಜ್ಜಿ ಆದ್ರೂ ಸ್ವಂತ ಮಣ್ಣು ತಗೊಂತೀನಿ," ಅಂದ. "ನನ್ನ ಮ್ಯಾಲೆ ಯಾರೂ ಸಸಿ ಹಚ್ಚಬಾರ್ದು."

ಹಾಗೆ ಕೊಂಡದ್ದು ಈ ಬಂಡೆಗಲ್ಲಿನ ಜಾಗ. ಕೊಂಡ ವರ್ಷವೇ, ಗುಡ್ಡದ ಮೇಲಿನ ಅಶೋಕನ ಶಾಸನ ನೋಡಲು ಬಂದ ಮನೆ-ಗಾಡಿಯೊಂದು ಎದುರಿನ ರಸ್ತೆಯಲ್ಲಿ ನಿಂತಿತು. ಒಳಗಿನವರು ನೀರು ಕೇಳಿದರು. ನರಸಣ್ಣ ನೀರು ಕೊಟ್ಟ, ನೆರಳು ಕೊಟ್ಟ, ಪೀರಮ್ಮನ ರೊಟ್ಟಿ ಕೊಟ್ಟ. ಅವರು ಹೋಗುವಾಗ ಫೋನಿನ ನಕ್ಷೆಯಲ್ಲಿ ಅವನ ಅಂಗಳಕ್ಕೊಂದು ಚುಕ್ಕೆ ಇಟ್ಟು ಹೋದರು. ಆಮೇಲೆ ಹಂಪಿ, ಬದಾಮಿ ಸುತ್ತುವ ಗಾಡಿಗಳಿಗೆ ಇದೇ ಠಿಕಾಣಿ, ಅವರು ಕೊಟ್ಟು ಹೋದದ್ದರಲ್ಲೇ ಮನೆ ನಡೆಯಿತು. ಊರಿನಲ್ಲಿ ಅವನ ಹೆಸರು ಗೊತ್ತಿಲ್ಲದವರಿದ್ದರು, ಫ್ರಾನ್ಸಿನಲ್ಲಿ ಗೊತ್ತಿದ್ದವರಿದ್ದರು.

ಬಂದವರಿಗೆ ನಗುವುದು ನರಸಣ್ಣನ ಪಾಲು. ಪಾಯಖಾನೆ ತಿಕ್ಕುವುದು ಪೀರಮ್ಮನ ಪಾಲು. ಹನ್ನೊಂದು ವರ್ಷದಲ್ಲಿ ಅವಳು ಬೇವಿನ ನೆರಳಿನಲ್ಲಿ ಒಂದು ಮಧ್ಯಾಹ್ನ ಮಲಗಿದ್ದಿಲ್ಲ, ಅಲ್ಲಿ ಯಾವಾಗಲೂ ಯಾರದೋ ಗಾಡಿ. ಒಮ್ಮೆ ರೇಗಿ ಕೇಳಿದ್ದಳು:

"ಒಂದಿನ ಆದ್ರೂ ಅವರಿಗೆ ಸರೀರಿ ಅನ್ನು. ನಿನಗ ನಾಲಿಗಿ ಇಲ್ಲೇನು?"

"ಬಂದೋರನ್ನ ಏಳ್ರಿ ಅನ್ನಾಕ ಬರಂಗಿಲ್ಲ ಪೀರಿ," ಅಂದಿದ್ದ ಅವನು. "ನನಗ ಜಲ್ಮದಾಗ ಎಲ್ಲಾರೂ ಅದನ್ನ ಅಂದಾರ."

*

"ಊರ ಸುಡುಗಾಡು ಐತಲ್ಲ," ಎಂದ ವೀರೇಶ ಕಟ್ಟೆಯ ಹತ್ತಿರ ಬಂದು. "ಅಲ್ಲಿ ಮಾಡೂಣು. ಏನಾಕತಿ?"

"ಸ್ವಂತ ಮಣ್ಣಿನಾಗ ಅಂದಾನ," ಎಂದಳು ಪೀರಮ್ಮ.

"ಅಂದಾನ, ಖರೆ. ಆ ಮುದುಕಗ ಬಿಸಿಲಾಗ ಹೆಚ್ಚುಕಮ್ಮಿ ಆದ್ರ? ಪೊಲೀಸರಿಗೆ ಯಾರು ಜವಾಬು ಕೊಡ್ಬೇಕು? ಮತ್ತ ಅಂಗಳದಾಗ ಗೋರಿ ಆದ್ರ ನಾಳಿಂದ ಯಾವ ಗಾಡಿ ನಿಂದರ್ತತಿ? ನೀ ಹೆಂಗ ಬದುಕ್ತಿ?"

"ನಿಂದರಲಿಲ್ಲಂದ್ರ ಬಿಡು."

"ಹಂಗಾರ ನೀನ ಹೋಗಿ ಹೇಳು. ನನಗ ಆಗಂಗಿಲ್ಲ. ಅಪ್ಪನ ಹೆಣದ ಮುಂದ ನಿಂತು, ಜಡ್ಡಾದೋರನ್ನ ಏಳ್ರಿ ಅನ್ನಾಕ ನನಗ ಬಾಯಿ ಬರಂಗಿಲ್ಲ."

ಮಗ ಅಪ್ಪನಂತೆಯೇ ಮಾತಾಡಿದ್ದ. ಪೀರಮ್ಮನಿಗೆ ಸಿಟ್ಟು ಬರಲಿಲ್ಲ, ಬರುವಷ್ಟು ತ್ರಾಣ ಇರಲಿಲ್ಲ. ಗಂಡಸರಿಗೆ ಒಳ್ಳೆಯವರಾಗುವ ಚಟ, ಬೈಸಿಕೊಳ್ಳುವ ಕೆಲಸಕ್ಕೆ ಮನೆಯಲ್ಲಿ ಹೆಂಗಸು ಇದ್ದೇ ಇರುತ್ತಾಳೆ. ಅವಳು ನೆಲಕ್ಕೆ ಕೈಯೂರಿ ಎದ್ದಳು. ತಮ್ಮ ದುರುಗಪ್ಪ ದಾರಿಗೆ ಅಡ್ಡ ಬಂದ.

"ಅಕ್ಕಾ, ಸತ್ತೋನಿಗೆ ಎಲ್ಲಾ ಮಣ್ಣೂ ಒಂದೇ. ಬದುಕಿದಾಂವನ್ನ ನೋಡು."

"ಅದು ನಿನಗ ಗೊತ್ತು," ಅಂದಳು. "ಅಂವಗ ಗೊತ್ತಿರ್ಲಿಲ್ಲ."

ಗಾಡಿಯ ಬಾಗಿಲಿಗೆ ಮೂರು ಮೆಟ್ಟಿಲು. ಹನ್ನೊಂದು ವರ್ಷ ಎಷ್ಟೋ ಗಾಡಿಗಳ ಸುತ್ತ ಕಸ ಹೊಡೆದಿದ್ದಳು, ಚಕ್ರದ ಕೆಳಗೆ ಕಲ್ಲಿಟ್ಟಿದ್ದಳು. ಒಂದರ ಒಳಗೂ ಕಾಲಿಟ್ಟಿರಲಿಲ್ಲ. ಬಾಗಿಲು ತಟ್ಟಿದಳು. ಹೆಲ್ಗಾ ತೆಗೆದಳು. ಬೆಳಗಿನಿಂದ ಅವಳು ಅತ್ತಿದ್ದಳು, ಮುಖ ಬೂದುಬಣ್ಣಕ್ಕೆ ತಿರುಗಿತ್ತು. ಏನೂ ಕೇಳದೆ ಪೀರಮ್ಮನ ತೋಳು ಹಿಡಿದು ಒಳಗೆ ಕರೆದು, ಹಾಸಿಗೆಯ ಅಂಚಿನಲ್ಲಿ ಕೂಡಿಸಿ, ಗ್ಲಾಸಿನಲ್ಲಿ ತಣ್ಣನೆಯ ನೀರು ಕೊಟ್ಟಳು.

ಗಂಡನ ಮಣ್ಣಾಗುವವರೆಗೆ ಹೆಂಡತಿ ಹನಿ ನೀರು ಮುಟ್ಟಬಾರದು. ಪೀರಮ್ಮ ಗ್ಲಾಸು ಹಿಡಿದು ಒಂದು ಗಳಿಗೆ ಕುಳಿತಳು. ಆಮೇಲೆ ಪೂರಾ ಕುಡಿದಳು. ಈ ಅಂಗಳದಲ್ಲಿ ಅವಳನ್ನು ಕೂಡಿಸಿ ನೀರು ಕೊಟ್ಟವರು ಇವಳೊಬ್ಬಳೇ. ಈಗ ಇವಳಿಗೇ ಏಳು ಎಂದು ಹೇಳಬೇಕಿತ್ತು.

ಗಾಡಿಯ ಒಳಗೋಡೆಯಲ್ಲಿ ಒಂದು ಫೋಟೋ ಇತ್ತು. ಬಿಳಿ ಗೋಡೆಗೆ ಕಪ್ಪು ತೊಲೆಗಳನ್ನು ಅಡ್ಡಡ್ಡ ಹೊಡೆದಂಥ ಹಳೆಯ ಮನೆಗಳ ಊರು, ಮನೆಗಳ ಮುಂದೆ ಸಾಲಾಗಿ ಇಂಥವೇ ಗಾಡಿಗಳು. ಮುಂದುಗಡೆ ರಬ್ಬರಿನ ಬೂಟು ಹಾಕಿಕೊಂಡ ಹೆಂಗಸು, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಪಾಯಖಾನೆ ತಿಕ್ಕುವ ಉದ್ದ ಬ್ರಷ್ಷು. ಪೀರಮ್ಮ ಫೋಟೋ ನೋಡಿದಳು, ಹೆಲ್ಗಾಳನ್ನು ನೋಡಿದಳು. ಹೆಲ್ಗಾ ಫೋಟೋದ ಹೆಂಗಸನ್ನು ತೋರಿಸಿ ತನ್ನ ಎದೆ ಮುಟ್ಟಿ, ಮೂರು ಬೆರಳು ತೋರಿಸಿ, ಆಮೇಲೆ ಮುಷ್ಟಿ ಹಿಡಿದು ಸೊನ್ನೆ ಮಾಡಿದಳು. ಮೂವತ್ತು ವರ್ಷ.

"ನೀನೂ ಇದನ್ನ ಮಾಡೀಯೇನು," ಎಂದಳು ಪೀರಮ್ಮ. ಅವಳಿಗೆ ಅಳು ಬಂತು. ಗಂಡ ಸತ್ತ ಮೇಲೆ ಮೊದಲ ಅಳು, ಬಂದದ್ದು ಇಲ್ಲಿ, ಇಂಥದ್ದಕ್ಕೆ.

ಅಳುತ್ತಲೇ ಕಿಟಕಿಯ ಹೊರಗೆ ಗಂಡನನ್ನು ತೋರಿಸಿದಳು. ಕಾಲಿನಿಂದ ಗಾಡಿಯ ನೆಲವನ್ನು ಕುಟ್ಟಿ ಕೆಳಗೆ ಎಂದು ಬೆರಳು ಮಾಡಿದಳು. ಎರಡೂ ಕೈಗಳಿಂದ ಅಗೆದು ತೋರಿಸಿದಳು. ಕೊನೆಗೆ, ಹನ್ನೊಂದು ವರ್ಷದಲ್ಲಿ ಆ ಅಂಗಳದಲ್ಲಿ ಯಾರೂ ಆಡದ ಮಾತನ್ನು ಆಡಿದಳು.

"ಏಳ್ರಿ ಇಲ್ಲಿಂದ. ಸರೀರಿ. ನಿಮ್ಮ ಕಾಲ್ಬೀಳ್ತೀನಿ."

ಹೆಲ್ಗಾ ಹಾಸಿಗೆಯಲ್ಲಿದ್ದ ಗಂಡನ ಹಣೆ ಮುಟ್ಟಿದಳು, ಹೊರಗೆ ಬೆಳ್ಳಗೆ ಕುದಿಯುತ್ತಿದ್ದ ರಸ್ತೆಯನ್ನು ನೋಡಿದಳು. ಆಮೇಲೆ ಅವಸರವಿಲ್ಲದೆ ಇಳಿದು, ತಾನೇ ವೈರು ಕಿತ್ತು ಸುತ್ತಿಟ್ಟಳು, ಚಕ್ರದ ಕಲ್ಲು ಒದ್ದು ಸರಿಸಿದಳು. ಬುಡ್ಡೇಸಾಬ್ ಕಾಯಿಗಳ ಚೀಲ ಕೆಳಗಿಟ್ಟು ಗೇಟು ತೆರೆಯಲು ಓಡಿದ. ತಣ್ಣನೆಯ ಮಷೀನಿನ ಸದ್ದು ನಿಂತು ಗಾಡಿಯೊಳಗೆ ಒಮ್ಮೆಲೇ ಸೆಕೆ ಏರಿತು.

ಪೀರಮ್ಮ ಇಳಿಯಲು ಎದ್ದಳು. ಹೆಲ್ಗಾ ಮತ್ತೆ ಒಳಗೆ ಬಂದು ಬೇಡ ಎಂದು ತಲೆಯಾಡಿಸಿ, ಮೇಲಿನ ಕೊಕ್ಕೆಯಲ್ಲಿ ತೂಗುತ್ತಿದ್ದ ಸಲೈನ್ ಬಾಟಲಿ ಬಿಚ್ಚಿ ಅವಳ ಕೈಗೆ ಕೊಟ್ಟಳು. ಗಾಡಿ ಅಲ್ಲಾಡಿದರೆ ಅದು ಬೀಳುತ್ತದೆ, ಓಡಿಸುವವಳು ತಾನು, ಹಿಡಿಯಲು ಬೇರೆ ಯಾರಿದ್ದಾರೆ. ಎತ್ತರಕ್ಕೆ ಹಿಡಿ ಎಂದು ಪೀರಮ್ಮನ ಮೊಣಕೈಯನ್ನು ಮೇಲಕ್ಕೆ ತಳ್ಳಿ, ಮುಂದಿನ ಸೀಟಿಗೆ ಹೋದಳು.

ಗಾಡಿ ಮೆಲ್ಲಗೆ ಹೊರಳಿತು. ಹಾಸಿಗೆಯ ಮೇಲೆ ಮುದುಕ ಕಣ್ಣು ತೆರೆದು ಪೀರಮ್ಮನನ್ನು ನೋಡಿದ, ಯಾರೆಂದು ತಿಳಿಯದೆ ಮತ್ತೆ ಮುಚ್ಚಿದ. ಕಿಟಕಿಯಲ್ಲಿ ಜನ ಸರಿದರು, ಹಾರೆ ಹೆಗಲಿಗೇರಿಸಿ ಬೇವಿನ ಕಡೆ ನಡೆದ ದುರುಗಪ್ಪ ಸರಿದ, ತಲೆ ತಗ್ಗಿಸಿ ನಿಂತ ಮಗ ಸರಿದ. ಆಮೇಲೆ ಕಟ್ಟೆ ಬಂತು. ಕಟ್ಟೆಯ ಮೇಲೆ ಮಾಲೆ ಹಾಕಿಕೊಂಡು ತನ್ನ ಮನೆಯ ಗೋಡೆಗೆ ಬೆನ್ನು ಕೊಟ್ಟು, ಎದ್ದು ಬರುವ ಯಾವ ಆತುರವೂ ಇಲ್ಲದೆ, ನರಸಣ್ಣ ಕುಳಿತಿದ್ದ. ಪೀರಮ್ಮನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಹಾಗಿರಲಿಲ್ಲ. ತೋಳನ್ನು ಇನ್ನೊಂದು ಕೈಯಿಂದ ಆನಿಸಿ ಬಾಟಲಿಯನ್ನು ಮತ್ತಷ್ಟು ಮೇಲಕ್ಕೆತ್ತಿದಳು. ಅದರೊಳಗೆ ಹನಿ ಒಂದೊಂದಾಗಿ ಬೀಳುತ್ತಿತ್ತು.