ಒಡೆಯನ ಜಾಗದಲ್ಲಿ ಒಂದು ಚುಕ್ಕೆ

ಇಪ್ಪತ್ತು ದಿನ ನಾನು ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕಥೆ ಮುಂದೆ ಹೋದಂತೆ ನನಗೆ ನಾನೇ ವಕೀಲನಾಗಿಬಿಡುತ್ತೇನೆ, ಆ ಕಲೆ ನನಗೆ ಚೆನ್ನಾಗಿ ಒಲಿದಿದೆ.

ನಮ್ಮದು ಗಂಟಲಿನ ಕಾಯಿಲೆಗಳ ಆಸ್ಪತ್ರೆ. ಅಲ್ಲಿನ ಕಂಪ್ಯೂಟರ್ ವಿಭಾಗಕ್ಕೆ ನಾನು ಮುಖ್ಯಸ್ಥ. ನೆಲಮಾಳಿಗೆಯಲ್ಲಿ ಹಗಲೂ ರಾತ್ರಿ ಗುಂಯ್‌ಗುಡುತ್ತಿದ್ದ ಹಳೆಯ ಸರ್ವರ್‌ಗಳನ್ನೆಲ್ಲ ತೆಗೆಸಿ, ಆಸ್ಪತ್ರೆಯ ದಾಖಲೆಗಳನ್ನು ಕ್ಲೌಡ್‌ಗೆ ಸಾಗಿಸಲು ಎರಡು ವರ್ಷ ಹೆಣಗಿದೆ. ಈಗ ನಮ್ಮ ಯಂತ್ರಗಳು ಎಲ್ಲೋ ದೂರದಲ್ಲಿ, ಇನ್ಯಾರದೋ ಕಟ್ಟಡದಲ್ಲಿ ಬಾಡಿಗೆಗಿವೆ. ಇಲ್ಲಿ ಕೂತು ಒಂದು ಗುಂಡಿ ಒತ್ತಿದರೆ ಹೊಸ ಯಂತ್ರ ಹುಟ್ಟುತ್ತದೆ, ಇನ್ನೊಂದು ಒತ್ತಿದರೆ ಇಲ್ಲವಾಗುತ್ತದೆ. ದಾದಿಯರು ನನ್ನನ್ನು ಮೋಡದ ಸಾಹೇಬ್ರು ಎಂದು ಕರೆಯತೊಡಗಿದರು. ಗೇಲಿ ಎಂದು ಗೊತ್ತಿದ್ದೂ ಒಳಗೊಳಗೇ ಹಿಗ್ಗುತ್ತಿದ್ದೆ.

ಹುಟ್ಟಿಸುವುದು ಸುಲಭವಾದ್ದರಿಂದ ಜನ ಬೇಕಾಬಿಟ್ಟಿ ಯಂತ್ರ ಹುಟ್ಟಿಸಿ ಮರೆತುಬಿಡುತ್ತಿದ್ದರು. ಅದಕ್ಕೆ ನಾನೊಂದು ನಿಯಮ ಬರೆದೆ. ಪ್ರತಿ ಯಂತ್ರಕ್ಕೂ ಒಡೆಯನ ಹೆಸರು ಇರಲೇಬೇಕು. ಇಲ್ಲದಿದ್ದರೆ ಏಳು ದಿನ ಎಚ್ಚರಿಕೆಯ ಮೇಲ್ ಹೋಗುತ್ತದೆ, ಎಂಟನೆಯ ದಿನ ಆ ಯಂತ್ರ ತನ್ನ ನಕಲುಗಳ ಸಮೇತ ತಾನಾಗಿಯೇ ಅಳಿಸಿಹೋಗುತ್ತದೆ. ಒಡೆಯನೇ ಇಲ್ಲದ ಯಂತ್ರದ ಎಚ್ಚರಿಕೆ ಯಾರ ಕೈಗೆ ಸೇರುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ಮೋಡದ ಸಾಹೇಬರಿಗೆ ಇರಲಿಲ್ಲ. ಕೆಲವರು ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ ಇಟ್ಟು ಜಾರಿಕೊಳ್ಳುತ್ತಿದ್ದರು. ಚುಕ್ಕೆಯನ್ನೂ ಖಾಲಿ ಎಂದೇ ಎಣಿಸಬೇಕು ಎಂದು ಇನ್ನೊಂದು ಸಾಲು ಸೇರಿಸಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೊದಲ ಮಹಡಿಯ ಕೊನೆಯ ಕೋಣೆ ಮಾತಿನ ಟೀಚರದು. ಧ್ವನಿಪೆಟ್ಟಿಗೆ ತೆಗೆಸಿಕೊಂಡ ರೋಗಿಗಳಿಗೆ ಗಾಳಿ ನುಂಗಿ, ಅನ್ನನಾಳದಿಂದ ಅದನ್ನು ಹೊರಡಿಸಿ ಮತ್ತೆ ಮಾತಾಡುವುದನ್ನು ಕಲಿಸುವವರು ಅವರು. ಆಪರೇಷನ್‌ಗೆ ಮುಂಚೆ ಪ್ರತಿಯೊಬ್ಬರ ದನಿಯನ್ನೂ ರೆಕಾರ್ಡ್ ಮಾಡಿ ಮೇಜಿನ ಕೆಳಗಿನ ಹಳೇ ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡಿದ್ದರು. ಅದನ್ನೂ ಕ್ಲೌಡ್‌ಗೆ ಏರಿಸಲು ಹೋದವನು ನಾನೇ.

"ಇಲ್ಲಿ ನನ್ನ ಹೆಸರು ಹಾಕ್ಬೇಕಲ್ವಾ ಸಾರ್?" ಎಂದು ಅವರು ಪರದೆಗೆ ಬೆರಳು ತೋರಿಸಿ ಕೇಳಿದರು.

"ನೀವ್ಯಾಕೆ ತಲೆ ಕೆಡಿಸ್ಕೋತೀರಿ ಮೇಡಂ, ನಾನು ನೋಡ್ಕೋತೀನಿ" ಎಂದೆ.

ಅವರು ರೋಗಿಯನ್ನು ನೋಡಲು ಹೊರಟರು. ಊಟದ ಹೊತ್ತಾಗಿತ್ತು. ಅವರ ಪೂರ್ತಿ ಹೆಸರು ನೆನಪಾಗಲಿಲ್ಲ. ಏಳು ವರ್ಷದಿಂದ ಟೀಚರ್ ಎಂದೇ ಕರೆದು ರೂಢಿ, ಈಗ ಹೋಗಿ ಹೆಸರು ಕೇಳಲು ಸಂಕೋಚ. ಆಮೇಲೆ ತುಂಬಿದರಾಯಿತು ಎಂದುಕೊಂಡು ಚುಕ್ಕೆ ಇಟ್ಟೆ. ಆ ವಾರವೇ ಹಳೇ ಕಂಪ್ಯೂಟರ್ ಗುಜರಿಗೆ ಹೋಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಟೀಚರ್ ಫೋನ್ ಮಾಡಿ, "ಸಾರ್, ದನಿಗಳು ಕಾಣಿಸ್ತಿಲ್ಲ" ಎಂದರು. ಎರಡೇ ನಿಮಿಷದಲ್ಲಿ ನನಗೆ ಎಲ್ಲವೂ ಅರ್ಥವಾಯಿತು. ನಾನಿಟ್ಟ ಚುಕ್ಕೆಯನ್ನು ನನ್ನದೇ ನಿಯಮ ಖಾಲಿ ಎಂದು ಎಣಿಸಿ, ಹಿಂದಿನ ದಿನವೇ ಎಲ್ಲವನ್ನೂ ಅಳಿಸಿಹಾಕಿತ್ತು.

ಬಹುತೇಕ ಎಲ್ಲ ರೋಗಿಗಳೂ ತಮ್ಮ ದನಿಯ ಪ್ರತಿಯನ್ನು ಮನೆಗೆ ಒಯ್ದಿದ್ದರು. ಒಯ್ಯದೆ ಉಳಿದವರು ಒಬ್ಬರೇ. ಸಗಟು ಮಾರುಕಟ್ಟೆಯಲ್ಲಿ ತರಕಾರಿ ಹರಾಜು ಕೂಗುತ್ತಿದ್ದವರು, ಆ ದೊಡ್ಡ ದನಿಗೆ ಎಲ್ಲರೂ ಇಟ್ಟ ಅಡ್ಡಹೆಸರು ಕಹಳೆ. ಮನೆಯಲ್ಲಿ ಕೇಳಿದರೆ ಹೆಂಡತಿ ಅಳುತ್ತಾಳೆಂದು ಪ್ರತಿ ಬೇಡ ಎಂದಿದ್ದರಂತೆ. ಪಾಠಕ್ಕೆ ಬಂದಾಗಲೆಲ್ಲ ಮೊದಲು ತಮ್ಮ ಹಳೇ ದನಿಯನ್ನು ಒಮ್ಮೆ ಕೇಳಿ, ಆಮೇಲೆ ಗಾಳಿ ನುಂಗಲು ಕೂರುತ್ತಿದ್ದರು. ಅದರಲ್ಲಿ ಅವರು ಮಗಳನ್ನು ಕರೆದದ್ದಿತ್ತು. ಮುದ್ದಿನಿಂದ ಒಮ್ಮೆ, ಸಿಟ್ಟಿನಿಂದ ಒಮ್ಮೆ, ಬೀದಿಯ ಆ ತುದಿಯಿಂದ ಒಮ್ಮೆ.

ಆಡಳಿತಾಧಿಕಾರಿ ಮಧ್ಯಾಹ್ನವೇ ಸಭೆ ಕರೆದರು. "ಹೆಸರು ಹಾಕ್ದೆ ಬಿಟ್ಟೋರು ಯಾರು?" ಎಂದು ಕೇಳಿದರು.

"ಆಯಾ ವಿಭಾಗದವರೇ ಹಾಕ್ಬೇಕು ಅಂತ ನಿಯಮ ಇದೆ ಸಾರ್" ಎಂದೆ.

ನಿಯಮ ಹಾಗೇ ಇತ್ತು, ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಇಷ್ಟು ಶುದ್ಧವಾದ ಮೋಸವನ್ನು ನಾನು ಜೀವಮಾನದಲ್ಲಿ ಮಾಡಿರಲಿಲ್ಲ. ಟೀಚರ್ ನನ್ನ ಮುಖ ನೋಡಿದರು. ನಾನು ನೀರಿನ ಲೋಟಕ್ಕೆ ಕೈ ಹಾಕಿದೆ. ಅವರು, "ಅವತ್ತು ನಾನೇ ಮರೆತೆ ಅನ್ಸುತ್ತೆ" ಎಂದು ಮೆಲ್ಲಗೆ ಹೇಳಿದರು. ತಪ್ಪಿತಸ್ಥರ ಪಟ್ಟಿಯಲ್ಲಿ ಅವರ ಹೆಸರು ಬಿತ್ತು, ಈ ಸಲ ಪೂರ್ತಿ ಹೆಸರು.

ನನ್ನ ವಿರುದ್ಧ ಇದ್ದ ಸಾಕ್ಷಿ ಒಂದೇ. ಯಾವ ಯಂತ್ರವನ್ನು ಯಾರು ಮುಟ್ಟಿದರು ಎಂಬುದನ್ನೆಲ್ಲ ಕ್ಲೌಡ್ ಬರೆದಿಟ್ಟುಕೊಳ್ಳುತ್ತದೆ. ಆ ಲಾಗ್‌ನಲ್ಲಿ ಚುಕ್ಕೆಯ ಪಕ್ಕ ನನ್ನ ಹೆಸರಿತ್ತು. ಮೂವತ್ತು ದಿನ ಕಳೆದರೆ ಲಾಗ್ ತಾನಾಗಿಯೇ ಅಳಿಯಬೇಕು ಎಂದು ಗೊತ್ತುಮಾಡಿದವನೂ ನಾನೇ. ದಿನಾ ಬೆಳಿಗ್ಗೆ ಕುರ್ಚಿಯಲ್ಲಿ ಕೂತ ತಕ್ಷಣ ಆ ಸಾಲು ಇನ್ನೂ ಇದೆಯೇ ಎಂದು ನೋಡುತ್ತಿದ್ದೆ, ಇನ್ನೆಷ್ಟು ದಿನ ಎಂದು ಎಣಿಸುತ್ತಿದ್ದೆ. ಕಾರಿಡಾರ್‌ನಲ್ಲಿ ಟೀಚರ್ ಎದುರಾದರೆ ಸುಮ್ಮನೆ ಫೋನ್ ಕಿವಿಗಿಟ್ಟುಕೊಂಡು ಮಾತಾಡುವವನ ಹಾಗೆ ನಟಿಸುತ್ತಿದ್ದೆ. ಮನೆಯಲ್ಲಿ ಹೆಂಡತಿ, "ತಟ್ಟೆ ಮುಂದೆ ಕೂತು ಯಾರ ದಾರಿ ಕಾಯ್ತಿದೀರಿ?" ಎಂದಳು. ಅವಳಿಗೂ ಹೇಳಲಿಲ್ಲ.

ಇನ್ನೊಂದು ದಿನ ಕಳೆದರೆ ಗೆದ್ದೆ ಎನ್ನುವಾಗ ಕಹಳೆಯ ಹೆಂಡತಿ ನನ್ನ ಕೋಣೆಗೆ ಬಂದರು.

"ಸಾರ್, ಎಲ್ಲಾದ್ರೂ ಮೂಲೇಲಿ ಒಂಚೂರು ಉಳಿದಿದ್ಯಾ ನೋಡ್ತೀರಾ? ಒಂದು ಕೂಗಾದ್ರೂ ಸಾಕು."

"ಇಲ್ಲಮ್ಮಾ. ಏನೂ ಉಳಿದಿಲ್ಲ."

"ಹೋಗ್ಲಿ, ಹೋದ ದನಿ ಹೋಯ್ತು" ಎಂದು ಅವರು ಸೆರಗಿನ ತುದಿಯಿಂದ ಮೂಗೊರೆಸಿಕೊಂಡರು. "ಆದ್ರೆ ಇವ್ರು ಪಾಠಾನೇ ಬಿಟ್ಬಿಟ್ಟಿದಾರೆ ಸಾರ್. ನನ್ನ ದನಿ ಕಳೆದೋಳ ಹತ್ರ ನಾನೇನು ಕಲೀಲಿ ಅಂತ ಸ್ಲೇಟಲ್ಲಿ ಬರೀತಾರೆ. ಮೂರು ವಾರ ಆಯ್ತು, ಟೀಚರ್ ಮುಖ ನೋಡಿಲ್ಲ. ಇವತ್ತು ಆಪರೇಷನ್ ಆದ ಜಾಗ ನೋಡ್ಸೋಕೆ ಅಂತ ಹೇಗೋ ಕರ್ಕೊಂಡು ಬಂದಿದೀನಿ."

ಕಳೆದದ್ದು ಹಳೇ ದನಿ ಮಾತ್ರ ಎಂದು ನಾನು ಇಷ್ಟು ದಿನ ಲೆಕ್ಕ ಹಾಕಿಕೊಂಡಿದ್ದೆ. ಬರಬೇಕಾಗಿದ್ದ ದನಿಯನ್ನೂ ನನ್ನ ಮೌನ ನುಂಗುತ್ತಿದೆ ಎಂದು ಆಗ ಗೊತ್ತಾಯಿತು.   ಲಾಗ್‌ನ ಆ ಸಾಲಿನ ಪ್ರತಿಯನ್ನು ಆಡಳಿತಾಧಿಕಾರಿಗೆ ಕಳಿಸಿದೆ. ಆಮೇಲೆ ಕಹಳೆಯನ್ನೂ ಅವರ ಹೆಂಡತಿಯನ್ನೂ ಕರೆದುಕೊಂಡು ಟೀಚರ್ ಕೋಣೆಗೆ ಹೋದೆ. ಒಳಗೆ ಟೀಚರ್ ಕಂಡ ಕೂಡಲೇ ಕಹಳೆ ಬಾಗಿಲಲ್ಲೇ ಮುಖ ತಿರುಗಿಸಿ ನಿಂತರು.

"ಟೀಚರದ್ದು ಏನೂ ತಪ್ಪಿಲ್ಲ" ಎಂದೆ. "ಹೆಸರು ಹಾಕ್ತೀನಿ ಅಂತ ಹೇಳಿ ಹಾಕ್ದೆ ಬಿಟ್ಟೋನು ನಾನು. ಅಳಿಸೋ ನಿಯಮ ಬರೆದೋನೂ ನಾನೇ."

"ಯಾವಾಗ ಗೊತ್ತಾಯ್ತು ನಿಮಗೆ?" ಎಂದರು ಟೀಚರ್.

"ನೀವು ಫೋನ್ ಮಾಡಿದ ಬೆಳಿಗ್ಗೇನೇ."

ಅವರು ಮೇಜಿನ ಡ್ರಾಯರ್ ಎಳೆದು ಒಂದು ಕಾಗದ ತೆಗೆದರು. "ನನಗೆ ಮರೆವು ಬಂತು, ಇನ್ನು ಈ ಕೆಲ್ಸಕ್ಕೆ ನಾನು ಲಾಯಕ್ಕಿಲ್ಲ ಅಂತ ರಾಜೀನಾಮೆ ಬರೆದಿಟ್ಕೊಂಡಿದೀನಿ ಸಾರ್" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವು ಮಾತ್ರ ಇತ್ತು.

ಕಹಳೆ ನನ್ನ ಕಡೆ ಎರಡು ಹೆಜ್ಜೆ ಬಂದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದರೆ ಚೆನ್ನಾಗಿತ್ತು ಎಂದೂ ಅನಿಸಿತು. ಅವರು ನನ್ನನ್ನು ದಾಟಿಕೊಂಡು ಹೋಗಿ ಟೀಚರ್ ಮುಂದೆ ನಿಂತರು. ಸ್ಲೇಟಿನಲ್ಲಿ ಏನೋ ಬರೆದು ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. 'ನಿಮ್ಮನ್ನ ಬೈಕೊಂಡೆ. ತಪ್ಪಾಯ್ತು.'

ತಪ್ಪಾಯ್ತು ಎಂದು ಹೇಳಬೇಕಾದ ನಾಲಿಗೆ ನನ್ನ ಬಾಯಲ್ಲಿತ್ತು. ದನಿಯೇ ಇಲ್ಲದ ಮನುಷ್ಯ ನನಗಿಂತ ಮೊದಲು ಅದನ್ನು ಹೇಳಿ ಮುಗಿಸಿದ್ದರು.

"ಬನ್ನಿ ಅಣ್ಣಾ, ಕೂತ್ಕೊಳ್ಳಿ" ಎಂದು ಟೀಚರ್ ಕನ್ನಡಿಯನ್ನು ಹತ್ತಿರಕ್ಕೆ ಎಳೆದರು. "ಎಲ್ಲಿಗೆ ಬಂದಿದ್ವಿ ನೋಡೋಣ."

ಕಹಳೆ ಗಾಳಿ ನುಂಗಿದರು. ಕತ್ತಿನ ನರ ಬಿಗಿಯಿತು, ತುಟಿ ಅಲುಗಾಡಿತು. ಬುಸ್ಸೆಂದು ಗಾಳಿಯಷ್ಟೇ ಹೊರಬಂತು.

"ಮೂರು ವಾರದ ಹಿಂದೆ 'ಬಾ ಮಗಳೇ' ಅನ್ನೋದು ಹೆಚ್ಚುಕಡಿಮೆ ಬರ್ತಿತ್ತು" ಎಂದು ಟೀಚರ್ ಅವರ ಹೆಂಡತಿಗೆ ಹೇಳಿದರು. ಆಮೇಲೆ ಕಹಳೆಯ ಭುಜ ಮುಟ್ಟಿ, "ಇರ್ಲಿ ಬಿಡಿ, ಮೊದಲಿಂದ ಶುರು ಮಾಡೋಣ" ಎಂದರು.

ಯಾರೂ ನನ್ನನ್ನು ಬೈಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಾನು ಬಾಗಿಲ ಬಳಿ ನಿಂತೇ ಇದ್ದೆ. ಕಹಳೆ ಮತ್ತೆ ಗಾಳಿ ನುಂಗಿದರು, ಮತ್ತೆ ಬರೀ ಗಾಳಿಯೇ ಬಂತು.