ನಾಯಕರಿಗೊಂದು ಕೋಟು

ಇದು ನಿಜವಾಗಿ ನಡೆದದ್ದು. ನಂಬದಿದ್ದರೆ ನನ್ನ ಸೋದರಮಾವನನ್ನೇ ಕೇಳಿ. ಆದರೆ ಕೈಯಲ್ಲಿ ಕತ್ತರಿ ಇಲ್ಲದಾಗ ಕೇಳಿ.

ಮಾವ ದರ್ಜಿ. ದೇಶದ ನಾಯಕರಿಗೆ ಎಪ್ಪತ್ತು ತುಂಬುವ ಸಂಭ್ರಮಕ್ಕೆ ಜನ ಕೈಯಾರೆ ಮಾಡಿದ ಉಡುಗೊರೆ ಕಳಿಸಬಹುದು ಎಂದು ಟಿವಿಯಲ್ಲಿ ಹೇಳಿದರು. ಕೋಟಿ ಜನರ ನಾಯಕರಿಗೆ ಕೋಟೇ ಸರಿ ಎಂದು ಮಾವ ಹಟ ಹಿಡಿದ. ಅಳತೆಗೆ? ಬೀದಿ ಕೊನೆಯಲ್ಲಿ ನಿಲ್ಲಿಸಿದ್ದ ಆಳೆತ್ತರದ ಕಟೌಟಿಗೇ ಟೇಪು ಹಿಡಿದ. ಕಟೌಟಿಗೆ ಭುಜವಿತ್ತು, ಹೊಟ್ಟೆ ಇರಲಿಲ್ಲ. ಹೊಟ್ಟೆಯ ಮಟ್ಟಿಗೆ ನನ್ನ ಅಪ್ಪನನ್ನು ನಿಲ್ಲಿಸಿಕೊಂಡ.

“ಭಾವ, ಉಸಿರು ಒಳಗೆಳ್ಕೊಳ್ಳಿ. ನಾಯಕರು ನಿಮ್ಮಷ್ಟು ತಿನ್ನಲ್ಲ.”

“ಅವರಿಗೆ ನಿನ್ನಂಥ ಭಾವಮೈದುನ ಇಲ್ವಲ್ಲ, ಪುಣ್ಯವಂತರು.”

ಮಾವನ ಫೋನ್ ನಂಬರಿನ ಚೀಟಿಯೊಂದಿಗೆ ಪಾರ್ಸೆಲ್ ಹೋಯಿತು. ಶುರುವಾಯಿತು ನಮ್ಮ ಗ್ರಹಚಾರ. ಸಂಜೆಯಾದರೆ ಮಾವ ನಮ್ಮ ಟಿವಿ ಮುಂದೆ ಹಾಜರು. ಬಂದ ಉಡುಗೊರೆಗಳನ್ನು ತೋರಿಸುತ್ತಿದ್ದರು: ಬೆಂಕಿಕಡ್ಡಿಯ ಅರಮನೆ, ಗುಂಡಿ ಪೋಣಿಸಿ ಮಾಡಿದ ನಾಯಕರ ಮುಖ, ಉಣ್ಣೆಯಲ್ಲಿ ಹೆಣೆದ ನಾಯಕರ ನಾಯಿ. ಕೋಟು ಮಾತ್ರ ನಾಪತ್ತೆ.

“ನಾಯಿಗೂ ಜಾಗ ಕೊಟ್ಟಿದ್ದಾರಲ್ಲ ಅಕ್ಕ!”

“ಹೋಗ್ಲಿ ಬಿಡೋ,” ಎಂದಳು ಅಮ್ಮ.

“ಹೇಗೆ ಬಿಡ್ಲಿ? ಅವರು ಫೋನ್ ಮಾಡ್ಲೇಬೇಕು!”

ಅಂಗಡಿಯಲ್ಲಿ ಗಿರಾಕಿಗಳ ಬಟ್ಟೆ ರಾಶಿ ಬಿತ್ತು. ಮದುವೆ ಹತ್ತಿರ ಬಂದ ಹುಡುಗನೊಬ್ಬ ಬಂದು ಕಣ್ಣೀರಿಟ್ಟು ಹೋದ. ಮಾವ ಸೂಜಿ ಮುಟ್ಟಲಿಲ್ಲ. ಫೋನಿಗೆ ಕಾವು ಕೊಡುವವನಂತೆ ಕೂತೇ ಇದ್ದ.

ನನ್ನ ತಾಳ್ಮೆ ಕೆಟ್ಟಿತು. ಎದುರಿನ ಅಂಗಡಿಗೆ ಹೋಗಿ, ಅಲ್ಲಿಯ ಫೋನಿನಿಂದ ಮಾವನಿಗೆ ಕರೆ ಮಾಡಿದೆ. ಮೂಗಿನಲ್ಲಿ ಹೊರಟು ಗಂಟಲಲ್ಲಿ ವಿಶ್ರಾಂತಿ ಪಡೆದು ಬರುವ ನಾಯಕರ ದನಿ ನನಗೆ ಕಾಲೇಜಿನಿಂದಲೂ ಬಾಯಿಪಾಠ.

“ಬಂಧೂ… ನಿಮ್ಮ ಕೋಟು… ಹಾಕಿಕೊಂಡೇ… ಮಾತಾಡುತ್ತಿದ್ದೇನೆ.”

ಬೀದಿಯಾಚೆ ಮಾವ ದಡಕ್ಕನೆ ಎದ್ದು ನಿಂತದ್ದು ಕಂಡಿತು. “ತೋಳು ಹೇಗೆ ಕೂತಿದೆ ಸ್ವಾಮಿ?”

“ಎರಡೂ… ಹೇಳಿ ಮಾಡಿಸಿದ ಹಾಗಿವೆ.”

ಮಾವ ಕುರ್ಚಿಗೆ ಕುಸಿದು ಹೊಟ್ಟೆ ಹಿಡಿದುಕೊಂಡ. ಭುಜ ಕುಲುಕುತ್ತಿತ್ತು. ಅಳಿಸಿಬಿಟ್ಟೆನಲ್ಲ ಎಂದು ಗಾಬರಿಯಾಗಿ ಓಡಿದೆ. ಅಳುತ್ತಿರಲಿಲ್ಲ, ನಗುತ್ತಿದ್ದ!

“ಕತ್ತೆ! ಟ್ರಯಲ್ ನೋಡದೆ ನಾನು ಯಾವತ್ತಾದ್ರೂ ಎರಡೂ ತೋಳು ಕೂರಿಸಿದ್ದೀನೇನೋ? ಒಂದೇ ತೋಳು ಹಚ್ಚಿ ಕಳಿಸಿದ್ದೆ. ಟ್ರಯಲ್‌ಗೆ ಕರೀತಾರೆ ಅಂತಾನೇ ಕಾಯ್ತಾ ಕೂತಿದ್ದು!”

ಡ್ರಾಯರಿನಿಂದ ನಾಯಕರ ಎಡತೋಳನ್ನು ತೆಗೆದು, ಅದರಲ್ಲೇ ನನ್ನ ತಲೆಗೆ ಟೋಪಿ ಹಾಕಿದ. ನಾನೂ ನಕ್ಕೆ. ಆದರೆ ಮಾವನ ನಗು ಬೀದಿಯ ಆ ತುದಿಯವರೆಗೂ ಕೇಳಿಸಿತಂತೆ.