ಅಕ್ಕನ ಮೊಣಕಾಲು ಉಳಿದದ್ದು

ಅಕ್ಕನಿಗೆ ಹಾಕಿದ್ದ ಹೊಸ ಮೊಣಕಾಲಿನ ಕೀಲನ್ನು ಮರುದಿನ ತೆಗೆದುಬಿಡುವುದೆಂದು ಮೂಳೆ ಡಾಕ್ಟರು ಹೇಳಿಹೋದರು. ಕೀಲು ಬದಲಿಸಿ ಇನ್ನೂ ತಿಂಗಳಾಗಿರಲಿಲ್ಲ. ಹೊಲಿಗೆ ಹಾಕಿದಲ್ಲಿ ಚರ್ಮ ಕೆಂಪೇರಿ, ಅಂಚು ನೇರಳೆಗಟ್ಟಿ, ಕೀವು ಸೋರುತ್ತಿತ್ತು, ಜ್ವರವೂ ಇತ್ತು. ಒಮ್ಮೆ ಕೊಯ್ದು ಶುಚಿ ಮಾಡಿದ್ದರು. ಹುಣ್ಣು ಇನ್ನಷ್ಟು ಅಗಲವಾಯಿತು. ಕೀವನ್ನು ಎಷ್ಟು ಸಲ ಪರೀಕ್ಷಿಸಿದರೂ ಕ್ರಿಮಿ ಸಿಕ್ಕಿರಲಿಲ್ಲ. ಆದರೂ ನಂಜು ಒಳಗಿಳಿದಿದ್ದರೆ ಕಾಲೇ ಹೋದೀತೆಂದು ಅವರ ಭಯ.

ನನ್ನ ಹೆಂಡತಿಯನ್ನು ದೇವರು ಕರೆದುಕೊಂಡು ವರ್ಷ ತುಂಬಿರಲಿಲ್ಲ. ಅಂದಿನಿಂದ ಮನೆಯಲ್ಲಿ ಒಲೆ ಹಚ್ಚುವವಳೂ, ಅಂಗಡಿಯಲ್ಲಿ ನನ್ನೆದುರು ಕೂತು ಹೊಲಿಯುವವಳೂ ಅಕ್ಕನೇ. "ಇವಳನ್ನಾದರೂ ಉಳಿಸಿಕೊಡು, ತಂದೆ" ಎಂದು ಮಂಚದ ಪಕ್ಕದಲ್ಲೇ ಕಣ್ಣು ಮುಚ್ಚಿ ಬೇಡಿಕೊಂಡೆ.

"ನಾನಿನ್ನೂ ಸತ್ತಿಲ್ಲ ಕಣೋ. ಸ್ವಲ್ಪ ಮೆಲ್ಲಗೆ ಗೊಣಗು" ಎಂದಳು ಅಕ್ಕ.

ಸಂಜೆ ಚರ್ಮದ ಡಾಕ್ಟರಮ್ಮ ಬಂದರು. ಗಾಯವನ್ನು ಬಗ್ಗಿ ನೋಡಿ, "ರಕ್ತ ತೆಗೆದ ತೋಳು ತೋರ್ಸಿ" ಎಂದರು. ಅಕ್ಕ ತೋಳನ್ನು ಹೊದಿಕೆಯೊಳಗೆ ಎಳೆದುಕೊಂಡಳು.

"ಏನಿಲ್ಲಮ್ಮ, ಸೂಜಿ ಚುಚ್ಚಿದ ಕಡೆ ಒಂದೆರಡು ಗುಳ್ಳೆ."

"ಯಾರಿಗೂ ಹೇಳ್ಲಿಲ್ವಾ?"

"ಜೀವನವೆಲ್ಲ ಸೂಜಿ ಹಿಡಿದವಳು, ಸೂಜಿ ಚುಚ್ತು ಅಂತ ಅಳ್ಲಾ? ಈ ನನ್ನ ತಮ್ಮನೇ ಮೊದಲು ನಗ್ತಾನೆ."

ನಿಜ, ನಗುತ್ತಿದ್ದೆ. ನಮ್ಮ ಕಸುಬಿನಲ್ಲಿ ಸೂಜಿ ಚುಚ್ಚಿದರೆ ಬಟ್ಟೆಗೆ ರಕ್ತ ತಾಗದಂತೆ ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತೇವೆಯೇ ಹೊರತು, ಅದನ್ನು ಗಾಯವೆಂದು ಯಾರೂ ಎಣಿಸುವುದಿಲ್ಲ.

ಡಾಕ್ಟರಮ್ಮ ಹೊದಿಕೆ ಸರಿಸಿದರೆ, ತೋಳಿನಲ್ಲಿ ಸೂಜಿ ಹೋದಲ್ಲೆಲ್ಲ ಕೀವುಗುಳ್ಳೆ, ಸುತ್ತ ಗಾಯದಲ್ಲಿದ್ದ ಅದೇ ನೇರಳೆ ಬಣ್ಣ. ಡಾಕ್ಟರಮ್ಮನ ಮುಖ ಅರಳಿತು.

"ಇದು ಕ್ರಿಮಿಯ ನಂಜಲ್ಲ ಅನ್ಸುತ್ತೆ. ನಿಮ್ಮ ಮೈಯೇ ನಿಮ್ಮ ಚರ್ಮದ ಮೇಲೆ ಮುನಿಸಿಕೊಂಡಿದೆ. ಚುಚ್ಚಿದ್ರೂ ಕೆರಳುತ್ತೆ, ಕೊಯ್ದ್ರೆ ಇನ್ನೂ ಕೆರಳುತ್ತೆ. ನಾಳೆ ಆಪರೇಷನ್ ಬೇಡ, ನಾನು ಅವ್ರ ಹತ್ರ ಮಾತಾಡ್ತೀನಿ."

ಮೂಳೆ ಡಾಕ್ಟರು ಸುಲಭವಾಗಿ ಒಪ್ಪಲಿಲ್ಲ. ಕೀಲಿನೊಳಗಿನ ನೀರು ತೆಗೆಸಿ ನೋಡಿದರು, ಅದು ಶುದ್ಧವಾಗಿತ್ತು. ಆಮೇಲೆ ಮೈಯ ಆ ಮುನಿಸು ತಣಿಸಲು ಸ್ಟೀರಾಯ್ಡ್ ಮಾತ್ರೆ ಶುರುವಾಯಿತು. ಮೊದಲು ಜ್ವರ ಇಳಿಯಿತು, ನಂತರ ನೋವು, ಕೊನೆಗೆ ಆ ಹಾಳು ಕೆಂಪು.

ಒಂದು ಬೆಳಿಗ್ಗೆ ಮೂಳೆ ಡಾಕ್ಟರು ಮೊಣಕಾಲಿನ ಸುತ್ತ ಒತ್ತಿ ನೋಡಿ, "ಕೀಲು ಇರ್ಲಿ ಬಿಡಿ" ಎಂದರು.

"ಇರ್ಲಿ ಬಿಡಿ ಅಂತೀರಲ್ಲ, ಅದೇನು ಬಾಡಿಗೆಗೆ ಬಂದಿತ್ತಾ?" ಎಂದಳು ಅಕ್ಕ.

ಎಲ್ಲರೂ ನಕ್ಕರು. ನಾನು ಹೊರಗೆ ಬಂದು ಗೋಡೆಗೊರಗಿ ಅತ್ತೆ. ಸಂತೋಷಕ್ಕೂ ಕಣ್ಣೀರು ಬರುತ್ತದೆಂಬುದು ನನಗೆ ಮರೆತೇ ಹೋಗಿತ್ತು.